ಗೇಟಿಲ್ಲದ ಗೋಡೆ

(ಮಾತಾಡುತ್ತಿರುವವರು ಇಬ್ಬರು. ಮಾವ ತೊಂಬತ್ತರ ದಶಕದ ಕೊನೆಯಲ್ಲಿ ಎಂಜಿನಿಯರಿಂಗ್ ಓದಿದವರು. ಹುಡುಗಿ ಅವರ ಅಕ್ಕನ ಮಗಳು, ಸಾಫ್ಟ್‌ವೇರ್ ಕೆಲಸ, ಬಿಡುವಾದಾಗ ಆಟಗಳಿಗೆ ಮಾಡ್ ಬರೆಯುವ ಚಟ. ಏಜ್ ಆಫ್ ಎಂಪೈರ್ಸ್‌ನ ಎರಡನೇ ಆಟದೊಳಗೆ ಮೊದಲನೇ ಆಟದ ಕೆಲವು ಗುಣಗಳನ್ನು ತರಬೇಕೆಂದು ಅವಳ ತಲೆಗೆ ಹೊಕ್ಕಿದೆ.)

ಹುಡುಗಿ: ಮಾವ, ನೀವು ಮೊದಲನೇ ಏಜ್ ಆಫ್ ಎಂಪೈರ್ಸ್ ಬಂದ ಕಾಲದಲ್ಲೇ ಆಡಿದವರು. ಅದರಲ್ಲಿದ್ದದ್ದು ಎರಡನೇದರಲ್ಲೂ ಇರ್ಬೇಕಿತ್ತು ಅಂತ ಅನ್ನಿಸಿದ್ದು ಏನೇನು? ಒಂದು ಪಟ್ಟಿ ಹೇಳಿ.

ಮಾವ: ಆನೆ ಬೇಟೆ. ಸಿಂಹ ಹಿಂದಿನಿಂದ ಬಂದು ವಿಲೇಜರನ್ನ ಹಿಡಿಯೋದು. ರಥಗಳು, ಅದರಲ್ಲೂ ಚಕ್ರಕ್ಕೆ ಕುಡುಗೋಲು ಕಟ್ಟಿದ್ದ ರಥ. ಬ್ಯಾಬಿಲೋನ್, ಅಸ್ಸೀರಿಯಾ, ಈಜಿಪ್ಟ್. ಇನ್ನೂ ಬೇಕಾದ್ರೆ ರಾತ್ರಿವರೆಗೂ ಹೇಳ್ತೀನಿ. ಆದ್ರೆ ನೀನ್ಯಾಕೆ ಇದಕ್ಕೆ ಕೈ ಹಾಕ್ತೀಯ? 2023ರ ಮೇನಲ್ಲಿ ಅವರೇ ಮಾಡಿ ಮುಗಿಸಿದ್ದಾರಲ್ಲ, ರಿಟರ್ನ್ ಆಫ್ ರೋಮ್ ಅಂತ. ಮೊದಲನೇ ಆಟದ ಹದಿನಾರು ನಾಗರಿಕತೆಗಳೂ ಬಂದ್ವು, ಮೇಲೆ ಲಾಕ್ ವಿಯೆಟ್ ಅಂತ ಹೊಸದೊಂದು ಸೇರ್ತು. ಎಲ್ಲಾ ಎರಡನೇ ಆಟದ ಒಳಗೇ ಇದೆ.

ಹುಡುಗಿ: ಒಳಗಿದೆ, ಬೆರೆತಿಲ್ಲ. ಅದು ಪ್ರತ್ಯೇಕ ವಿಭಾಗ ಮಾವ. ಅಲ್ಲಿ ಹೋದ್ರೆ ಬ್ಯಾಬಿಲೋನಿನವರು ಅಸ್ಸೀರಿಯಾದವರ ಮೇಲೆ ಯುದ್ಧ ಮಾಡಬಹುದು. ಇಲ್ಲಿ ಫ್ರಾಂಕರು ಬ್ರಿಟನ್ನರ ಮೇಲೆ. ಬ್ಯಾಬಿಲೋನಿನವರನ್ನ ಫ್ರಾಂಕರ ಎದುರು ನಿಲ್ಲಿಸೋಕೆ ದಾರಿನೇ ಇಲ್ಲ.

ಮಾವ: ನಿಲ್ಲಿಸ್ಬೇಕು ಅಂತ ಯಾಕೆ? ಒಬ್ಬರಿಗೂ ಇನ್ನೊಬ್ಬರಿಗೂ ಸಾವಿರ ವರ್ಷದ ಅಂತರ.

ಹುಡುಗಿ: ಅಂತರದ ಚಿಂತೆ ಆ ಆಟಕ್ಕೆ ಯಾವತ್ತು ಇತ್ತು? ಅಜ್ಟೆಕ್ಕರು ಜಪಾನಿನ ಸಮುರಾಯ್‌ಗಳ ಜೊತೆ ಕಾದಾಡ್ತಾರೆ, ಯಾರೂ ಕೇಳಲ್ಲ. ತಡೆಯೋದು ಇತಿಹಾಸ ಅಲ್ಲ, ಅಂಕಿಗಳು. ಮೊದಲನೇ ಆಟದ ಕೊನೆಯ ಕತ್ತಿ ಸೈನಿಕ ಲೀಜನ್. ಅವನ ಜೀವ 160, ಹೊಡೆತ 13, ಕವಚ 2. ಎರಡನೇ ಆಟದಲ್ಲಿ ಅದೇ ಸ್ಥಾನದಲ್ಲಿರೋನು ಚಾಂಪಿಯನ್. ಅವನ ಹೊಡೆತವೂ 13, ಆದ್ರೆ ಜೀವ 70, ಕವಚ 1. ಹೊಡೆತದಲ್ಲಿ ಕವಚ ಕಳೆದು ಉಳಿದದ್ದು ಜೀವದಿಂದ ಹೋಗುತ್ತೆ, ಎರಡೂ ಆಟದಲ್ಲಿ ಲೆಕ್ಕ ಅದೇ. ಈಗ ಇಬ್ಬರನ್ನೂ ಎದುರುಬದುರು ಬಿಡಿ. ಚಾಂಪಿಯನ್ ಆರನೇ ಏಟಿಗೆ ಬೀಳ್ತಾನೆ. ಲೀಜನ್‌ನವನು ಹದಿನೈದನೇ ಏಟಿನವರೆಗೂ ನಿಂತಿರ್ತಾನೆ. ಅವನ ಖರ್ಚೋ, 35 ಆಹಾರ, 15 ಚಿನ್ನ. ಚಾಂಪಿಯನ್‌ಗೆ ಮೂಲ ಆಟದಲ್ಲಿ 60 ಆಹಾರ, 20 ಚಿನ್ನ ಇತ್ತು.

ಮಾವ: ಅಂದ್ರೆ ಕಡಿಮೆ ದುಡ್ಡಿಗೆ ಎರಡರಷ್ಟು ಜೀವ. ಹಂಗಾದ್ರೆ ಎಲ್ಲರೂ ಅವನನ್ನೇ ತಗೊಳ್ತಾರೆ.

ಹುಡುಗಿ: ಹೂಂ. ಹಾಗಂತ ಅವನ ಜೀವ ಕಮ್ಮಿ ಮಾಡಿದ್ರೆ, ಮೊದಲನೇ ಆಟದ ಕ್ಯಾಟಪಲ್ಟ್ ಒಂದೇ ಕಲ್ಲಿಗೆ ಅವನ ಸಾಲನ್ನೇ ಎತ್ತಿಬಿಡುತ್ತೆ. ಕ್ಯಾಟಪಲ್ಟ್ ಸರಿ ಮಾಡಿದ್ರೆ ಆ ಆಟದ ಗೋಡೆಗಳು ಬೀಳಲ್ಲ. ಒಂದನ್ನ ಮುಟ್ಟಿದ್ರೆ ಇನ್ನೊಂದು ಅಲ್ಲಾಡುತ್ತೆ. ಅದಕ್ಕೇ ಅವರು ಮುಟ್ಟದೇ ಪಕ್ಕದಲ್ಲಿಟ್ಟರು. ಬುದ್ಧಿವಂತಿಕೆನೇ, ಅಲ್ಲ ಅನ್ನಲ್ಲ. ಆದ್ರೆ ಅದನ್ನ ಬೆರೆಸೋದು ಅಂತ ನಾನು ಕರೆಯಲ್ಲ.

ಮಾವ: ತಮಾಷೆ ಏನಂದ್ರೆ ಈ ಎರಡೂ ಆಟ ಒಂದೇ ಎಂಜಿನ್ನಿನ ಮೇಲೆ ನಿಂತಿರೋದು. ಜೀನಿ ಎಂಜಿನ್. 1997ರಲ್ಲಿ ಮೊದಲನೇದು, 1999ರಲ್ಲಿ ಎರಡನೇದು, ಮಾಡಿದ್ದು ಎನ್‌ಸೆಂಬಲ್ ಸ್ಟುಡಿಯೋಸ್. ನೋಡು, ಅಂಕಿಗಳೂ ಎಷ್ಟೋ ಹಾಗೇ ಬಂದಿವೆ. ಶಿಲಾಯುಗದಿಂದ ಟೂಲ್ ಏಜ್‌ಗೆ 500 ಆಹಾರ; ಡಾರ್ಕ್ ಏಜ್‌ನಿಂದ ಫ್ಯೂಡಲ್‌ಗೂ 500. ಕೊನೆಯ ಯುಗಕ್ಕೆ ಅಲ್ಲೂ 1000 ಆಹಾರ, 800 ಚಿನ್ನ, ಇಲ್ಲೂ ಅಷ್ಟೇ. ಮಧ್ಯದ್ದರಲ್ಲಿ ಮಾತ್ರ ವ್ಯತ್ಯಾಸ. ಬ್ರಾಂಜ್ ಏಜ್‌ಗೆ ಬರೀ 800 ಆಹಾರ ಸಾಕಿತ್ತು. ಕ್ಯಾಸಲ್ ಏಜ್‌ಗೆ ಅದರ ಜೊತೆ 200 ಚಿನ್ನಾನೂ ಕೇಳ್ತಾರೆ.

ಹುಡುಗಿ: ನೋಡಿ, ಆ 200 ಚಿನ್ನ! ನನಗೆ ಬೇಕಾಗಿರೋದು ಇಂಥದ್ದೇ. ಒಂದು ಸಣ್ಣ ಅಂಕಿ, ಆದ್ರೆ ಅದರಿಂದ ಆಟದ ನಡುಭಾಗವೇ ಬದಲಾಯ್ತು. ಫ್ಯೂಡಲ್‌ನಲ್ಲಿ ಇರುವಾಗಲೇ ಚಿನ್ನದ ಗಣಿಗೆ ಜನ ಕಳಿಸ್ಬೇಕು, ಗಣಿ ಊರಾಚೆ ಇರುತ್ತೆ, ಅಲ್ಲಿ ಶತ್ರು ಬಂದು ಕಾಟ ಕೊಡ್ತಾನೆ. ಜಗಳ ಶುರುವಾಗೋದೇ ಅಲ್ಲಿ. ಮೊದಲನೇದರಲ್ಲಿ ಊರೊಳಗೇ ಹಣ್ಣು ಕಿತ್ತು, ಮೀನು ಹಿಡಿದು ಬ್ರಾಂಜ್ ಏಜ್‌ಗೆ ಹೋಗಿಬಿಡಬಹುದಿತ್ತು. ಸೀಕ್ವೆಲ್ ಅಂದ್ರೆ ಹಳೇ ಆಟಕ್ಕೆ ಬಣ್ಣ ಹೊಡೆಯೋದಲ್ಲ, ಹೀಗೆ ಒಂದೊಂದು ಕಡೆ ತಿರುಪು ಬಿಗಿ ಮಾಡೋದು.

ಮಾವ: ಸರಿ, ನಿನ್ನ ಪಟ್ಟಿ ಹೇಳು. ನೀನು ಏನು ತರ್ತಿದೀಯ?

ಹುಡುಗಿ: ಮೂರು. ಮೊದಲನೇದು, 50ರ ಜನಸಂಖ್ಯೆ ಮಿತಿ. ಎರಡನೇದು, ಗೇಟಿಲ್ಲದ ಗೋಡೆ. ಮೂರನೇದು, ಹಳೇ ಹೊಲ. ಬೆಳೆ ಮುಗಿದ್ರೆ ಮುಗೀತು, ಮತ್ತೆ ಕೈಯಾರೆ ಹಾಕ್ಬೇಕು.

ಮಾವ: ನಿನಗೇನು ತಲೆ ಕೆಟ್ಟಿದೆಯೇನೇ? ಈ ಮೂರರಿಂದ ಬಿಡುಗಡೆ ಸಿಕ್ತಲ್ಲಾ ಅಂತಲೇ ನಾವು ಎರಡನೇ ಆಟಕ್ಕೆ ಹಾರಿದ್ದು. ಹೊಲದ ಕಥೆ ನಿನಗೆ ಗೊತ್ತಿಲ್ಲ. 75 ಮರ ಕೊಟ್ಟು ಹೊಲ ಮಾಡ್ಬೇಕು, 250 ಆಹಾರ ಬರುತ್ತೆ, ಆಮೇಲೆ ಬಯಲು. ಯುದ್ಧದ ಮಧ್ಯೆ ಇರ್ತೀವಿ, ಹಿಂದೆ ತಿರುಗಿ ನೋಡಿದ್ರೆ ಹತ್ತು ಜನ ಕೈಕಟ್ಟಿ ನಿಂತಿರ್ತಾರೆ. 1999ರಲ್ಲೂ ಅದೇ ಕರ್ಮ ಇತ್ತು. 2000ದಲ್ಲಿ ಕಾಂಕರರ್ಸ್ ವಿಸ್ತರಣೆ ಬಂದಾಗ ಮಿಲ್ಲಿನಲ್ಲೇ ಮುಂದಿನ ಬಿತ್ತನೆಗೆ ಮೊದಲೇ ದುಡ್ಡು ಕಟ್ಟಿಡೋ ವ್ಯವಸ್ಥೆ ಬಂತು. ಆವತ್ತು ಹಾಸ್ಟೆಲಿನಲ್ಲಿ ಹಬ್ಬ. ಈಗಿನ ಡೆಫಿನಿಟಿವ್ ಎಡಿಷನ್‌ನಲ್ಲಿ ಒಂದು ಗುಂಡಿ ಒತ್ತಿದ್ರೆ ತಾನಾಗೇ ಬಿತ್ಕೊಳ್ಳುತ್ತೆ. ಅದನ್ನ ಕಿತ್ತು ಹಾಕ್ತೀನಿ ಅಂತೀಯಲ್ಲ.

ಹುಡುಗಿ: ಕಷ್ಟ ಇದ್ರೇ ಅಲ್ವಾ ಮಾವ ಆಟ?

ಮಾವ: ಕಷ್ಟದಲ್ಲಿ ಎರಡು ಜಾತಿ ಇದೆ. ಹೊಲ ಮುಗಿದಾಗ ಆಟಗಾರ ಏನು ಯೋಚಿಸ್ತಾನೆ? ಏನೂ ಇಲ್ಲ. ಮತ್ತೆ ಬಿತ್ತಬೇಕು, ಅಷ್ಟೇ. ಬಿತ್ತಲೋ ಬೇಡವೋ ಅನ್ನೋ ಪ್ರಶ್ನೆ ಹುಟ್ಟೋದು ಮರ ಕಮ್ಮಿ ಇದ್ದಾಗ ಮಾತ್ರ. ಆಗ ಆ ಗುಂಡಿ ಆರಿಸಿದ್ರಾಯ್ತು. ಉಳಿದ ಹೊತ್ತೆಲ್ಲಾ ಅದು ಬರೀ ನೆನಪಿನ ಪರೀಕ್ಷೆ. ಈಗ ಕಾಡುಹಂದಿ ತಗೋ. ಹಂದಿಯಲ್ಲಿ 340 ಆಹಾರ ಇದೆ. ವಿಲೇಜರಿಗೆ ಜೀವ 25. ಒಬ್ಬ ಹೋಗಿ ಒಂದೆರಡು ಬಾಣ ಬಿಟ್ಟು ಓಡಿ ಬರ್ತಾನೆ. ಹಂದಿ ಅಟ್ಟಿಸ್ಕೊಂಡು ಬರುತ್ತೆ. ಅವನನ್ನ ಟೌನ್ ಸೆಂಟರ್ ಒಳಗೆ ಹೊಗಿಸಿ, ಕುರಿ ಹತ್ರ ಇದ್ದವರನ್ನ ಹಂದಿ ಮೇಲೆ ತಿರುಗಿಸ್ಬೇಕು. ಒಂದು ಸೆಕೆಂಡ್ ತಡವಾದ್ರೆ ಅವನು ಹೆಣ. ತೀರಾ ಬೇಗ ಒಳಗೆ ಹೊಗಿಸಿದ್ರೆ ಹಂದಿ ಬಂದ ದಾರಿಗೇ ವಾಪಸ್. ಇಪ್ಪತ್ತು ವರ್ಷ ಆದ್ಮೇಲೆ ಆಟವನ್ನ ಹೊಸದಾಗಿ ಕಟ್ಟಿದಾಗ ಹೊಲಕ್ಕೆ ಯಂತ್ರ ಕೊಟ್ಟರು, ಹಂದಿಗೆ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಯೋಚನೆ ಮಾಡು.

ಹುಡುಗಿ: ಹಂದಿಯಲ್ಲಿ ಕೈಚಳಕ ಇದೆ. ಒಂದು ಜೀವ ಪಣಕ್ಕಿಟ್ಟು ಆಡೋದಿದೆ. ಸರಿ, ಹೊಲ ಬಿಟ್ಟೆ. ಅದೇ ಲೆಕ್ಕದಲ್ಲಿ ಸ್ಕೌಟನ್ನ ತಾನಾಗೇ ಸುತ್ತಲು ಬಿಡೋ ಗುಂಡಿ ಕೊಟ್ಟಿದ್ದಾರಲ್ಲ, ಅದು?

ಮಾವ: ಅದು ಕಲಿಯೋರಿಗೆ. ಪಳಗಿದವನು ಆ ಗುಂಡಿ ಮುಟ್ಟಲ್ಲ. ಕುರಿ ಎಲ್ಲಿರಬಹುದು, ಶತ್ರು ಯಾವ ಮಗ್ಗುಲಲ್ಲಿ ಇರಬಹುದು ಅಂತ ಯಂತ್ರಕ್ಕೆ ಗೊತ್ತಾಗಲ್ಲ. ಅನುಕೂಲ ಕೊಟ್ಟರೂ ಕೈಯಾರೆ ಮಾಡಿದವನಿಗೆ ಒಂದು ಹಿಡಿ ಜಾಸ್ತಿ ಸಿಗೋ ಹಾಗೆ ಉಳಿಸಿದ್ದಾರೆ. ಅದನ್ನ ಮೆಚ್ಚಬೇಕು.

ಹುಡುಗಿ: 50ರ ಮಿತಿ ಮಾತ್ರ ಬಿಡಲ್ಲ. ಅದರಲ್ಲಿ ನಿಜವಾದ ಯೋಚನೆ ಇದೆ. ಈಗ 200 ಜನ ಇರ್ತಾರೆ, ಅದರಲ್ಲಿ ನೂರರ ಮೇಲೆ ವಿಲೇಜರುಗಳೇ. ಒಬ್ಬ ಬಿಲ್ಲುಗಾರ ಸತ್ತರೆ ಯಾರಿಗೂ ಗೊತ್ತಾಗಲ್ಲ. ಐವತ್ತೇ ಜನ ಅಂದ್ರೆ ಪ್ರತಿಯೊಬ್ಬರದ್ದೂ ಲೆಕ್ಕ. ಇವನು ಮರ ಕಡೀಬೇಕಾ, ಕತ್ತಿ ಹಿಡೀಬೇಕಾ ಅಂತ ಪ್ರತಿ ಸಲ ಯೋಚಿಸ್ಬೇಕು. ಯುದ್ಧದ ಮಧ್ಯೆ ನಮ್ಮದೇ ನಾಲ್ಕು ವಿಲೇಜರುಗಳನ್ನ ಕೊಂದು ಸೈನಿಕರಿಗೆ ಜಾಗ ಮಾಡ್ತಿದ್ರಂತಲ್ಲ?

ಮಾವ: ಮಾಡ್ತಿದ್ವಿ. ಡಿಲೀಟ್ ಒತ್ತೋದು. ಪಾಪದ ಕೆಲಸ. ಆದ್ರೆ ಒಂದು ಮಾತು ಕೇಳು. ಆ 50 ಅಲ್ಲಿ ಒಂಟಿಯಾಗಿ ಇರಲಿಲ್ಲ. ಪೂಜಾರಿ ಒಬ್ಬ ನಿಮ್ಮ ಆನೆಯನ್ನ ಮರುಳು ಮಾಡಿ ತನ್ನ ಕಡೆ ಎಳಕೊಂಡ್ರೆ, ನಿಮ್ಮದು 49 ಆಯ್ತು, ಅವನದ್ದು 51. ಅಷ್ಟೇ ಜನ ಇರೋ ಆಟದಲ್ಲಿ ಆ 'ವೊಲೊಲೊ' ಕೇಳಿದ್ರೆ ಎದೆ ಝಲ್ ಅಂತಿತ್ತು. ಲೀಜನ್‌ನವನಿಗೆ 160 ಜೀವ ಇದ್ದದ್ದೂ ಅದಕ್ಕೇ. ಸೈನಿಕ ಬೇಗ ಸತ್ತರೆ ಐವತ್ತರ ಆಟ ನಡೆಯೋದೇ ಇಲ್ಲ. ಎರಡನೇ ಆಟ ಹಾಗಿಲ್ಲ. ಮಾರುಕಟ್ಟೆಗಳ ಮಧ್ಯೆ ಓಡಾಡೋ ವ್ಯಾಪಾರದ ಗಾಡಿಗಳೂ ಜನಸಂಖ್ಯೆ ಲೆಕ್ಕಕ್ಕೇ ಬರ್ತವೆ. ಟ್ರೆಬುಶೆಯೂ ಬರುತ್ತೆ. ಈಟಿಯವನು ಕುದುರೆಗೆ, ಕುದುರೆಯವನು ಬಿಲ್ಲಿಗೆ, ಬಿಲ್ಲಿನವನು ಈಟಿಗೆ ಅಂತ ಸುತ್ತು ಇದೆ. ಮೂರೂ ಬಗೆಯವರನ್ನ ಇಟ್ಟುಕೊಳ್ಳೋಕೆ ಜನ ಬೇಕು. 50 ಅಂದ್ರೆ ಒಂದೇ ಬಗೆ ಸೈನ್ಯ ಕಟ್ಟಿ ಅದೃಷ್ಟ ನೋಡಿಕೊಳ್ಳೋ ಆಟ ಆಗಿಬಿಡುತ್ತೆ.

ಹುಡುಗಿ: ಹಂಗಂದ್ರೆ ಹಳೇದು ಯಾವುದನ್ನೂ ತರೋಹಾಗೇ ಇಲ್ಲ ಅಂತೀರಾ?

ಮಾವ: ತರಬಹುದು. ಆದ್ರೆ ಹೇಗೆ ತರ್ತೀಯ ಅನ್ನೋದಿದೆ. ಊರುಗಳಲ್ಲಿ ಹಳೇ ತೊಟ್ಟಿಮನೆ ಕೆಡವಿದಾಗ ಕೆತ್ತನೆ ಕಂಬಗಳನ್ನ ಕೊಂಡು ತಂದು ಬೆಂಗಳೂರಿನ ಹೊಸ ಮನೆ ಹಾಲ್‌ನಲ್ಲಿ ನಿಲ್ಲಿಸ್ತಾರಲ್ಲ. ನೋಡೋಕೆ ಚೆನ್ನ. ಆದ್ರೆ ತಾರಸಿ ನಿಂತಿರೋದು ಕಾಂಕ್ರೀಟ್ ಪಿಲ್ಲರ್ ಮೇಲೆ. ಮರದ ಕಂಬ ಏನನ್ನೂ ಹೊತ್ತಿಲ್ಲ, ಅದನ್ನ ತೆಗೆದ್ರೂ ಮನೆ ಬೀಳಲ್ಲ. ಆಟಗಳಲ್ಲಿ ಹಳೇ ಫೀಚರ್‌ಗಳನ್ನ ತರೋದು ಬಹಳಷ್ಟು ಸಲ ಹೀಗೇ ಆಗುತ್ತೆ.

ಹುಡುಗಿ: ಉದಾಹರಣೆಗೆ?

ಮಾವ: ಉದಾಹರಣೆಗೆ ಸರಿಯಾಗಿ ತಂದದ್ದನ್ನೇ ಹೇಳ್ತೀನಿ, ಅದು ಜಾಸ್ತಿ ಉಪಯೋಗ. ಸಿವಿಲೈಸೇಶನ್ ಗೊತ್ತಲ್ಲ? ಅದನ್ನ ಮಾಡೋ ಫಿರಾಕ್ಸಿಸ್‌ನವರದ್ದು ಒಂದು ಸೂತ್ರ ಇದೆ: ಹೊಸ ಆಟದಲ್ಲಿ ಮೂರನೇ ಒಂದು ಪಾಲು ಹಳೇದು ಹಾಗೇ ಇರ್ಬೇಕು, ಮೂರನೇ ಒಂದು ಪಾಲು ತಿದ್ದಿದ್ದು, ಉಳಿದದ್ದು ಹೊಸದು. 2005ರ ನಾಲ್ಕನೇ ಆಟದಲ್ಲಿ ಮೊದಲ ಸಲ ಧರ್ಮ ತಂದರು. ಏಳು ಧರ್ಮ. ಯಾರಿಗೂ ಬೇಸರ ಆಗಬಾರದು ಅಂತ ಏಳಕ್ಕೂ ಒಂದೇ ಫಲ, ಹೆಸರು ಮಾತ್ರ ಬೇರೆ. ಆದ್ರೆ ಆ ಆಟದಲ್ಲಿ ಧರ್ಮ ಮಾಡ್ತಿದ್ದ ಕೆಲಸ ಯಾವುದು ಗೊತ್ತಾ? ರಾಜತಾಂತ್ರಿಕತೆ. ನಿಮ್ಮ ಧರ್ಮದವನೇ ಪಕ್ಕದ ರಾಜ ಆದ್ರೆ ಸ್ನೇಹ, ಅಲ್ಲದಿದ್ರೆ ಮುಖ ಊದಿಸ್ಕೊಳ್ತಾನೆ. ಪಕ್ಕದವನನ್ನ ಒಲಿಸ್ಕೊಳ್ಳೋಕೆ ಮತಾಂತರ ಆಗ್ತಿದ್ವಿ. ನಾನಂತೂ ಒಂದೇ ಆಟದಲ್ಲಿ ಬೌದ್ಧನೂ ಆಗಿದ್ದೀನಿ, ಕನ್‌ಫ್ಯೂಶಿಯಸ್‌ನವನೂ ಆಗಿದ್ದೀನಿ, ಬರೀ ಪಕ್ಕದ ರಾಜ ಮಾಂಟೆಜುಮಾನ ಕಾಟ ತಪ್ಪಿಸ್ಕೊಳ್ಳೋಕೆ.

ಹುಡುಗಿ: ಐದನೇದರಲ್ಲಿ ತೆಗೆದುಬಿಟ್ರಲ್ಲ.

ಮಾವ: 2010ರಲ್ಲಿ ತೆಗೆದರು. ಒಂದು ಮನೆಯಲ್ಲಿ ಒಂದೇ ಪಡೆ, ಚೌಕದ ಬದಲು ಆರು ಮೂಲೆಯ ಮನೆ, ಹೀಗೆ ಬೇಕಾದಷ್ಟು ಹೊಸದು ಬಂತು. ಧರ್ಮಾನೂ ಹೋಯ್ತು, ಗೂಢಚಾರಿಕೆನೂ ಹೋಯ್ತು. ಜನ ಬೈದರು. 2012ರಲ್ಲಿ ಗಾಡ್ಸ್ ಅಂಡ್ ಕಿಂಗ್ಸ್ ವಿಸ್ತರಣೆಯಲ್ಲಿ ಎರಡನ್ನೂ ವಾಪಸ್ ತಂದರು. ಆದ್ರೆ ನಾಲ್ಕನೇದರ ಧರ್ಮ ಎತ್ತಿ ಅಂಟಿಸಲಿಲ್ಲ. ಭಕ್ತಿ ಅನ್ನೋದನ್ನೇ ಚಿನ್ನದ ಥರ ಕೂಡಿಡೋ ಸಂಪತ್ತು ಮಾಡಿದರು. ಅಷ್ಟು ಭಕ್ತಿ ಕೂಡಿದ್ರೆ ಒಬ್ಬ ಪ್ರವಾದಿ, ಅವನಿಂದ ಧರ್ಮಸ್ಥಾಪನೆ, ಅದರ ನಂಬಿಕೆಗಳನ್ನ ನೀವೇ ಆರಿಸ್ಬೇಕು. ಮರುಭೂಮಿಯಲ್ಲಿ ಸಿಕ್ಕಿಬಿದ್ದವನು ಮರುಭೂಮಿಗೇ ಫಲ ಕೊಡೋ ನಂಬಿಕೆ ಆರಿಸ್ಕೋತಾನೆ. ಧರ್ಮ ಇಲ್ಲಿ ಊರು ಕಟ್ಟೋ ಸಾಧನ ಆಯ್ತು. 2016ರ ಆರನೇ ಆಟಕ್ಕೆ ಬರೋ ಹೊತ್ತಿಗೆ ವಿಸ್ತರಣೆಗೆ ಕಾಯೋ ಕೆಲಸ ಇರಲಿಲ್ಲ, ಮೂಲ ಆಟದಲ್ಲೇ ಇತ್ತು, ಧರ್ಮ ಹರಡಿಯೇ ಗೆಲ್ಲೋ ದಾರಿನೂ ಇತ್ತು.

ಹುಡುಗಿ: ಆದ್ರೆ ನಾಲ್ಕನೇದರ ಆ ಪಕ್ಕದ ರಾಜನ ಭಯ ಹೋಯ್ತಲ್ಲ. ನನಗೆ ಅದೇ ಬೇಕಿತ್ತು ಅಂದ್ರೆ?

ಮಾವ: ನಾಲ್ಕನೇದು ಆಡು. ಇನ್ನೂ ಓಡುತ್ತೆ.

ಹುಡುಗಿ: ಇದು ಉತ್ತರ ಅಲ್ಲ ಮಾವ, ಬಾಯಿ ಮುಚ್ಚಿಸೋದು.

ಮಾವ: ಅಲ್ಲ, ಗಂಭೀರವಾಗೇ ಹೇಳ್ತಿದೀನಿ. ಹಳೇ ಆಟ ಸತ್ತು ಹೋಗಿದ್ರೆ ಅದರ ಗುಣಗಳನ್ನೆಲ್ಲಾ ಸೀಕ್ವೆಲ್ ಹೊರಬೇಕಾಗುತ್ತೆ. ಹಳೇದು ಬದುಕಿದ್ರೆ ಆ ಭಾರ ಇಲ್ಲ. ರಿಟರ್ನ್ ಆಫ್ ರೋಮ್ ಬಂದಾಗ ಜನ ರೇಗಿದ್ದು ಯಾಕೆ? ಬೆರೆಸಿಲ್ಲ ಅಂತಲ್ಲ. 2018ರಲ್ಲೇ ಮೊದಲನೇ ಆಟದ ಡೆಫಿನಿಟಿವ್ ಎಡಿಷನ್ ಬಂದಿತ್ತು, ಅದನ್ನ ದುಡ್ಡು ಕೊಟ್ಟು ಕೊಂಡವರು ಮತ್ತೆ ಕೊಳ್ಳಬೇಕಾಯ್ತು. ಸಾಲದ್ದಕ್ಕೆ ಬಂದ ದಿನ ಹಳೇ ಅಭಿಯಾನಗಳೇ ಇರಲಿಲ್ಲ. ಅಕ್ಕಾಡಿನ ಸಾರ್ಗಾನ್, ಎಪಿರಸ್‌ನ ಪಿರಸ್, ಟ್ರಾಜನ್ ಅಂತ ಮೂರು ಹೊಸವು ಮಾತ್ರ. ಹಳೇ ಮನೆ ಅಂತ ಕರ್ಕೊಂಡು ಹೋಗಿ ಹಳೇ ಫೋಟೋಗಳನ್ನೆಲ್ಲಾ ಇಳಿಸಿಟ್ಟಿದ್ರೆ ಕೋಪ ಬರಲ್ವಾ?

ಹುಡುಗಿ: ಆದ್ರೆ ಆ ವಿಸ್ತರಣೆಯಲ್ಲಿ ಒಂದು ಕೆಲಸ ಸೊಗಸಾಗಿತ್ತು. ರೋಮನ್ನರು. ಅವರನ್ನ ಮಾತ್ರ ಎರಡನೇ ಆಟದ ಒಳಗೇ ತಂದರು, ಹೊಸ ಅಂಕಿಗಳ ಜೊತೆ. ಲೀಜನರಿ ಬಂದ, ಸೆಂಚೂರಿಯನ್ ಕುದುರೆ ಮೇಲೆ ಬಂದ.

ಮಾವ: ಅದು ಯಾಕೆ ಕೂತ್ಕೊಂಡಿತು ಹೇಳು?

ಹುಡುಗಿ: ಜಾಗ ಖಾಲಿ ಇತ್ತು. ಎರಡನೇ ಆಟದಲ್ಲಿ ಹೂಣರಿದ್ದಾರೆ, ಗೋಥರಿದ್ದಾರೆ. ಅವರು ಮುತ್ತಿದ್ದು ಯಾರನ್ನ? ರೋಮನ್ನೇ. ಕಾಂಕರರ್ಸ್‌ನ ಅಟಿಲನ ಅಭಿಯಾನದಲ್ಲಿ ಪಶ್ಚಿಮ ರೋಮಿನ ವೇಷ ಹಾಕಿದ್ದವರು ಬೈಜಾಂಟೈನರು. ಅಷ್ಟು ವರ್ಷ ಪಾತ್ರಧಾರಿ ಇಲ್ಲದೆ ನಾಟಕ ನಡೆದಿತ್ತು.

ಮಾವ: ಹಳೇ ಆಟದ ಹದಿನಾರರಲ್ಲಿ ಒಂದು ಮಾತ್ರ ಬಾಗಿಲು ದಾಟಿತು, ಯಾಕಂದ್ರೆ ಅದಕ್ಕೊಂದು ಕೆಲಸ ಕಾಯ್ತಿತ್ತು. ಇದನ್ನ 2025ರ ಥ್ರೀ ಕಿಂಗ್‌ಡಮ್ಸ್ ಜೊತೆ ಹೋಲಿಸು. ಚೀನಾದ ಮೂರನೇ ಶತಮಾನದ ವೇಯ್, ಶು, ವು ಮೂರೂ ನೇರ ಮುಖ್ಯ ಆಟಕ್ಕೇ ಬಂದ್ವು, ತರಬೇತಿ ಕೊಡಬಹುದಾದ ವೀರನಾಯಕರ ಸಮೇತ. ಹಳೇ ಆಟಗಾರರು ಕೆಂಡ ಆದ್ರು. ಅದರ ಜೊತೆಗೇ ಬಂದ ಜುರ್ಚೆನ್, ಖಿತಾನ್ ಬಗ್ಗೆ ಅಂಥ ತಕರಾರಿಲ್ಲ. ಅವರು ಈ ಆಟದ ಕಾಲದವರೇ, ಕೇಳ್ತಿದ್ದದ್ದೂ ಅವರನ್ನೇ.

ಹುಡುಗಿ: 2024ರ ಕ್ರಾನಿಕಲ್ಸ್‌ನಲ್ಲಿ ಅಥೆನ್ಸ್, ಸ್ಪಾರ್ಟಾ, ಪರ್ಷಿಯಾದ ಅಕೆಮೆನಿಡ್‌ರನ್ನ ತಂದಾಗ ಇಷ್ಟು ಗಲಾಟೆ ಆಗಲಿಲ್ಲ. ಯಾಕಂದ್ರೆ ಅವರನ್ನ ಪಕ್ಕದಲ್ಲೇ ಬೇರೆ ಇಟ್ಟಿದ್ರು.

ಮಾವ: ಹಾಂ. ಆದ್ರೆ ಮಾಡ್ ಬರೆಯೋರು ಹೆದರಬೇಕಾಗಿಲ್ಲ ಬಿಡು. ಈ ಆಟ ಇವತ್ತು ಬದುಕಿರೋದೇ ಒಂದು ಮಾಡ್‌ನಿಂದ. 2009ರಲ್ಲಿ ಎನ್‌ಸೆಂಬಲ್ ಮುಚ್ಚಿತು. ಅಭಿಮಾನಿಗಳು ತಾವಾಗೇ ಫರ್ಗಾಟನ್ ಎಂಪೈರ್ಸ್ ಅಂತ ವಿಸ್ತರಣೆ ಮಾಡಿದರು. 2013ರಲ್ಲಿ ಅದೇ ದ ಫರ್ಗಾಟನ್ ಅಂತ ಅಧಿಕೃತವಾಗಿ ಬಂತು. ಆ ಅಭಿಮಾನಿಗಳೇ ಸ್ಟುಡಿಯೋ ಆದರು, ಡೆಫಿನಿಟಿವ್ ಎಡಿಷನ್ ಕಟ್ಟಿದವರಲ್ಲಿ ಅವರೂ ಇದ್ದಾರೆ. ನಮ್ಮ ಭಾರತೀಯರು ಈ ಆಟಕ್ಕೆ ಬಂದದ್ದೂ ಆ ಅಭಿಮಾನಿಗಳ ಕೈಯಿಂದಲೇ.

ಹುಡುಗಿ: ಆಗ ಒಂದೇ 'ಇಂಡಿಯನ್ಸ್'. 2022ರ ಡೈನಾಸ್ಟೀಸ್ ಆಫ್ ಇಂಡಿಯಾದಲ್ಲಿ ಅದನ್ನ ಒಡೆದು ಹಿಂದುಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಅಂತ ನಾಲ್ಕು ಮಾಡಿದರು. ಅಲ್ಲೂ ಹಳೇದನ್ನ ಹೇಗೆ ಹಂಚಿದರು ನೋಡಿ. ಇಂಡಿಯನ್ಸ್‌ಗೆ ಮಾತ್ರ ಇದ್ದ ಆನೆ ಮೇಲಿನ ಬಿಲ್ಲುಗಾರ ದಕ್ಷಿಣಕ್ಕೂ ಬಂಗಾಳಕ್ಕೂ ಸಿಗೋ ಸಾಮಾನ್ಯ ಪಡೆ ಆದ. ಒಂಟೆ ಹಿಂದುಸ್ತಾನಿಗಳ ಹತ್ರ ಉಳೀತು, ಅವರಿಗೆ ಹೊಸದಾಗಿ ಘುಲಾಮ್ ಸೇರಿದ. ಯಾವುದನ್ನೂ ಬಿಸಾಡಲಿಲ್ಲ, ಎಲ್ಲವೂ ಇದ್ದಲ್ಲೇ ಉಳೀಲೂ ಇಲ್ಲ.

ಮಾವ: ದ್ರಾವಿಡರು ಅಂತ ಹೊಯ್ಸಳರನ್ನೂ ಚಾಲುಕ್ಯರನ್ನೂ ಚೋಳರನ್ನೂ ಒಂದೇ ಬಾವುಟದ ಕೆಳಗೆ ಹಾಕಿದ್ದಾರೆ. ಅಭಿಯಾನ ರಾಜೇಂದ್ರ ಚೋಳನದ್ದು. ಕಲ್ಯಾಣದ ಚಾಲುಕ್ಯರು ಅವನ ಶತ್ರುಗಳು ಅನ್ನೋದು ನಮಗೆ ಚುಚ್ಚುತ್ತೆ. ಹೋಗಲಿ. ಆದ್ರೆ ಅವರಿಗೆ ನೈಟ್‌ನಂಥ ಭಾರೀ ಕುದುರೆ ಪಡೆ ಕೊಡದೇ ಇದ್ದದ್ದು ಒಪ್ಪತಕ್ಕದ್ದೇ. ದಕ್ಷಿಣದಲ್ಲಿ ಒಳ್ಳೇ ಕುದುರೆ ಹುಟ್ಟುತ್ತಿರಲಿಲ್ಲ. ವಿಜಯನಗರದವರು ಭಟ್ಕಳ, ಗೋವಾ ಬಂದರುಗಳಿಗೆ ಬರ್ತಿದ್ದ ಅರಬ್ಬೀ ಕುದುರೆಗಳಿಗೆ ಎಷ್ಟು ಹೊನ್ನು ಸುರಿದರು ಅನ್ನೋದು ಇತಿಹಾಸ ಓದಿದವರಿಗೆಲ್ಲಾ ಗೊತ್ತು. ಅಲ್ಲಿ ಒಂದು ಕೊರತೆಯೇ ಆಟ ಆಗಿದೆ.

ಹುಡುಗಿ: ಕೊರತೆಯೇ ಆಟ ಆಗಬಹುದು ಅಂತ ನೀವೇ ಅಂದ್ರಿ. ಹಂಗಿದ್ರೆ ಗೇಟಿಲ್ಲದ ಗೋಡೆಗೆ ಬನ್ನಿ.

ಮಾವ: ಬರ್ತೀನಿ. ಮೊದಲನೇ ಆಟದಲ್ಲಿ ಗೋಡೆಗೆ ಗೇಟೇ ಇರಲಿಲ್ಲ. ಊರು ಸುತ್ತಿ ಗೋಡೆ ಕಟ್ಟಿ ಮುಗಿಸಿದ್ರೆ ನಾವೇ ಒಳಗೆ ಬಂದಿ. ಹೊರಗಿನ ಚಿನ್ನಕ್ಕೆ ಹೋಗ್ಬೇಕಾದ್ರೆ ನಮ್ಮ ಗೋಡೆಯ ಒಂದು ತುಂಡನ್ನ ನಾವೇ ಡಿಲೀಟ್ ಮಾಡ್ಬೇಕು. ಇಲ್ಲಾಂದ್ರೆ ಒಂದು ಸಂದು ಬಿಟ್ಟು ಅಲ್ಲಿ ಕತ್ತಿಯವರನ್ನ ನಿಲ್ಲಿಸ್ಬೇಕು. 'ಎಷ್ಟು ದಡ್ಡರು ಆ ಕಾಲದವರು, ಬಾಗಿಲು ಗೊತ್ತಿರಲಿಲ್ವಾ' ಅಂತ ನಗ್ತಿದ್ವಿ. 1999ರಲ್ಲಿ ಗೇಟು ಬಂತು, ಈಗ ರಿಟರ್ನ್ ಆಫ್ ರೋಮ್‌ನಲ್ಲಿ ಆ ಪ್ರಾಚೀನರಿಗೂ ಗೇಟು ಸಿಕ್ಕಿದೆ.

ಹುಡುಗಿ: ಅದೇ ನನಗೆ ಬೇಸರ. ಆ ಸಂದು ಎಲ್ಲಿ ಬಿಡೋದು ಅನ್ನೋದರಲ್ಲೇ ಎಷ್ಟು ಯೋಚನೆ ಇತ್ತು! ಚಿನ್ನದ ಕಡೆಗಾ, ಮರದ ಕಡೆಗಾ? ಆ ಸಂದಿಗೆ ಎಷ್ಟು ಕಾವಲು? ಒಂದು ಬಾಯಿ ಇರೋ ಊರು. ಈಗ 30 ಕಲ್ಲು ಕೊಟ್ಟರೆ ಒಂದು ಗೇಟು. ಗೋಡೆಗೆ ತುಂಡಿಗೆ 5 ಕಲ್ಲು. ನಾಲ್ಕು ದಿಕ್ಕಿಗೂ ಗೇಟು ಇಟ್ಟು ಮರೆತುಬಿಡ್ತಾರೆ.

ಮಾವ: ಮರೆಯೋಕಾಗಲ್ಲ. ಗೇಟು ನಮ್ಮವರನ್ನ ಕಂಡ್ರೆ ತಾನೇ ತೆರೆಯುತ್ತೆ. ವಿಲೇಜರ್ ಒಬ್ಬ ಆಚೆ ಹೋಗೋ ಹೊತ್ತಿಗೆ ಹೊರಗೆ ಹೊಂಚು ಹಾಕಿದ್ದ ಸ್ಕೌಟ್ ಒಳಗೆ ನುಗ್ಗಿದ್ದು ಎಷ್ಟು ಸಲ ಇಲ್ಲ? ಅದಕ್ಕೇ ಬೀಗ ಹಾಕೋ ಗುಂಡಿ ಇರೋದು. ಗೇಟು ಅಂದ್ರೆ ಬರೀ ಅನುಕೂಲ ಅಂತ ನೀನು ತಿಳ್ಕೊಂಡಿದೀಯ. ಅದು ತನ್ನದೇ ತಾಪತ್ರಯ ತಂದಿದೆ.

ಹುಡುಗಿ: ಆದ್ರೆ ಎಲ್ಲಿ ಇಡ್ಬೇಕು ಅನ್ನೋ ಯೋಚನೆ ಹೋಗಿದೆ. ಅದನ್ನ ಮಾತ್ರ ವಾಪಸ್ ತರ್ಬೇಕು, ಗೋಡೆಯೊಳಗೆ ಸಿಕ್ಕಿಹಾಕಿಕೊಳ್ಳೋ ಮೂರ್ಖತನ ಬೇಡ.

ಮಾವ: ಹಾಗಾದ್ರೆ ಗೇಟನ್ನ ತೆಗೀಬೇಡ. ದುಬಾರಿ ಮಾಡು.

ಹುಡುಗಿ: ಎಷ್ಟು?

ಮಾವ: ಕ್ಯಾಸಲ್‌ಗೆ 650 ಕಲ್ಲು. ಆಟದ ಶುರುವಿಗೆ ಕೈಯಲ್ಲಿರೋದು 200. ಗೇಟಿಗೂ 200 ಇಡು. ಆಗ ಒಂದು ಗೇಟು ಕಟ್ಟಬಹುದು. ಎರಡನೇದು ಕಟ್ಟಿದ್ರೆ ಕ್ಯಾಸಲ್ ತಡವಾಗುತ್ತೆ. ಇರೋ ಒಂದೇ ಗೇಟು ಚಿನ್ನದ ಕಡೆ ಇಟ್ಟರೆ ಮರ ಕಡಿಯೋರು ಊರು ಸುತ್ತಿಕೊಂಡು ಬರ್ಬೇಕು. ಮರದ ಕಡೆ ಇಟ್ಟರೆ ಚಿನ್ನ ಅನಾಥ. ನಿನ್ನ ಸಂದು ವಾಪಸ್ ಬಂತು.

ಹುಡುಗಿ: ಇದು ಡೇಟಾ ಫೈಲಿನಲ್ಲಿ ಒಂದು ಅಂಕಿ ತಿದ್ದಿದ್ರೆ ಆಗೋ ಕೆಲಸ! ಆದ್ರೆ ಶುರುವಿಗೇ 200 ಖರ್ಚು ಮಾಡಿದ್ರೆ ಗೋಡೆಗೆ ಕಲ್ಲೆಲ್ಲಿ? ನೂರೈವತ್ತಕ್ಕೆ ಇಳಿಸ್ತೀನಿ, ಹತ್ತು ತುಂಡು ಗೋಡೆಯಾದ್ರೂ ಕಟ್ಟಲಿ.

ಮಾವ: ಇಳಿಸು. ಮರದ ಬೇಲಿಗೂ ಗೇಟಿದೆ, ಅದು 30 ಮರಕ್ಕೇ ಬರುತ್ತೆ. ಮರ ಎಲ್ಲರ ಹತ್ರಾನೂ ಇರುತ್ತೆ. ಕಲ್ಲಿನ ಗೋಡೆ ಮಧ್ಯೆ ಬೇಲಿ ಗೇಟು ಸಿಕ್ಕಿಸ್ತಾರೆ, ನಿನ್ನ ಲೆಕ್ಕ ತಲೆಕೆಳಗು.

ಹುಡುಗಿ: ಸಿಕ್ಕಿಸಲಿ. ಬೇಲಿ ಗೇಟನ್ನ ಈಟಿಯವರೂ ಕಡಿದು ಹಾಕ್ತಾರೆ. ಅಗ್ಗದ ಬಾಗಿಲು ಇಟ್ಟವನು ಆ ಭಯ ಇಟ್ಟುಕೊಳ್ಳಲಿ. ಅದನ್ನ ಮುಟ್ಟಲ್ಲ, ಕಲ್ಲಿನದಷ್ಟೇ. ಭಾನುವಾರ ನನ್ನ ಜೊತೆ ಒಂದು ಆಟ ಆಡ್ತೀರಾ? ಬ್ಲ್ಯಾಕ್ ಫಾರೆಸ್ಟ್ ನಕ್ಷೆ ಹಾಕ್ತೀನಿ.

ಮಾವ: ಬ್ಲ್ಯಾಕ್ ಫಾರೆಸ್ಟ್ ಬೇಡ ಕಣೇ. ಅಲ್ಲಿ ಸುತ್ತ ಕಾಡು, ದಾರಿಗಳೇ ಒಂದೋ ಎರಡೋ. ಒಂದೇ ಗೇಟಲ್ಲಿ ಕೆಲಸ ಮುಗಿಯುತ್ತೆ, ದುಬಾರಿ ಮಾಡಿದ್ದು ಗೊತ್ತೇ ಆಗಲ್ಲ. ಅರೇಬಿಯಾ ಹಾಕು, ಎಲ್ಲಾ ಕಡೆಯೂ ಬಯಲು. ಮತ್ತೆ, ನಾನು ದ್ರಾವಿಡರನ್ನ ತಗೊಳ್ಳಲ್ಲ, ಹೂಣರು.

ಹುಡುಗಿ: ಹೂಣರಿಗೆ ಮನೆ ಕಟ್ಟೋ ಖರ್ಚೇ ಇಲ್ಲ. ಮೋಸ ಅದು.

ಮಾವ: ಮನೆ ಇಲ್ದಿದ್ರೆ ಮನೆಗಳನ್ನೇ ಸಾಲಾಗಿ ನಿಲ್ಲಿಸಿ ಗೋಡೆ ಮಾಡ್ಕೊಳ್ಳೋಕೂ ಆಗಲ್ಲ. ಪೂರ್ತಿ ಗೋಡೆಯನ್ನೇ ಕಟ್ಟಬೇಕು. ನಿನ್ನ ಗೇಟಿಗೆ ಅದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ.